ಸರ್ಕಾರದ ಬೀಗ, ನಮ್ಮ ಮನೆಯ ಬಾಗಿಲು

ಜುಮಾ ನಮಾಝ್ ಮುಗಿಸಿ ಚಪ್ಪಲಿ ಹುಡುಕುವ ಹೊತ್ತಿನಲ್ಲೋ, ದವಾಖಾನೆಯಲ್ಲಿ ಮಗನನ್ನು ಹೊರಗೆ ಕೂರಿಸಿ ಬಾಗಿಲು ಮುಂದೆ ಮಾಡಿಕೊಂಡ ಮೇಲೋ ತಂದೆಯಂದಿರು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. "ಡಾಕ್ಟರ್ ಸಾಬ್, ಈ ಹೊಲಸು ವಿಡಿಯೊಗಳನ್ನ ಸರ್ಕಾರದವರು ಒಂದೇ ಏಟಿಗೆ ಬಂದ್ ಮಾಡಿಬಿಟ್ಟರೆ ಆಗಂಗಿಲ್ಲೇನ್ರಿ?" ಕೇಳುವವರ ಸಂಕಟ ಸುಳ್ಳಲ್ಲ. ಹದಿಮೂರು ವರ್ಷದ ಹುಡುಗನ ಕೈಯಲ್ಲಿ ಇಡೀ ಲೋಕವೇ ಇದೆ, ತಂದೆಗೆ ಆ ಫೋನಿನ ಪಾಸ್‌ವರ್ಡ್ ಕೂಡ ಗೊತ್ತಿಲ್ಲ.

ನನ್ನ ಉತ್ತರ, ಆಗುವುದಿಲ್ಲ ಎಂಬುದು. ಮಾಡಿರೆಂದು ಸರ್ಕಾರದ ಮುಂದೆ ಕೈ ಚಾಚುವುದೂ ಸರಿಯಲ್ಲ. ಈ ಪುಟದಲ್ಲಿ ಮಧುಮೇಹ, ಮೂಲವ್ಯಾಧಿ, ಬೇಸಿಗೆಯ ಶರಬತ್ತುಗಳ ಬಗ್ಗೆ ಓದಿ ಅಭ್ಯಾಸವಾದವರಿಗೆ ಈ ವಿಷಯ ಮುಜುಗರ ಎನಿಸಬಹುದು. ಆದರೆ ಇದು ಆರೋಗ್ಯದ ಪ್ರಶ್ನೆಯೂ ಹೌದು. ಕಾನೂನು ಎಲ್ಲಿ ನಿಲ್ಲಬೇಕು, ಮನೆ ಎಲ್ಲಿಂದ ಶುರುವಾಗಬೇಕು ಎಂಬ ಪ್ರಶ್ನೆಯೂ ಹೌದು.

ಮೊದಲು, ಇಲ್ಲಿಯವರೆಗೆ ಏನಾಗಿದೆ ನೋಡಿ. ಅಶ್ಲೀಲ ತಾಣಗಳನ್ನು ದೇಶದಲ್ಲಿ ಪೂರ್ತಿ ನಿಷೇಧಿಸಬೇಕೆಂದು ಇಂದೋರ್‌ನ ವಕೀಲ ಕಮಲೇಶ್ ವಾಸ್ವಾನಿ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಜುಲೈನಲ್ಲಿ ಅದು ವಿಚಾರಣೆಗೆ ಬಂದಾಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ಎಚ್.ಎಲ್. ದತ್ತು. ವಯಸ್ಕನೊಬ್ಬ ತನ್ನ ಕೋಣೆಯ ನಾಲ್ಕು ಗೋಡೆಗಳ ನಡುವೆ ನೋಡುವುದನ್ನು ನ್ಯಾಯಾಲಯ ಹೇಗೆ ತಡೆಯಲಾದೀತು, ಅದು ಸಂವಿಧಾನದ 21ನೇ ವಿಧಿಗೆ ವಿರುದ್ಧವಾಗುತ್ತದಲ್ಲ ಎಂಬ ಅರ್ಥದ ಮಾತನ್ನು ಅವರು ವಿಚಾರಣೆಯ ವೇಳೆ ಆಡಿದರು. ಅದು ತೀರ್ಪಲ್ಲ, ಬಾಯಿಮಾತು. ಅದೇ ತಿಂಗಳ 31ರಂದು ಕೇಂದ್ರದ ದೂರಸಂಪರ್ಕ ಇಲಾಖೆ 857 ತಾಣಗಳನ್ನು ಮುಚ್ಚುವಂತೆ ಇಂಟರ್‌ನೆಟ್ ಕಂಪನಿಗಳಿಗೆ ಆದೇಶ ಕೊಟ್ಟಿತು. ದೇಶದಲ್ಲಿ ಗಲಾಟೆಯಾಯಿತು. ವಾರ ಕಳೆಯುವುದರೊಳಗೆ ಸರ್ಕಾರ ಹಿಂದೆ ಸರಿದು, ಮಕ್ಕಳ ಅಶ್ಲೀಲ ಚಿತ್ರಗಳಿಲ್ಲದ ತಾಣಗಳನ್ನು ಮುಚ್ಚಬೇಕಾಗಿಲ್ಲ ಎಂದಿತು.

ಮೂರು ವರ್ಷದ ನಂತರ ಡೆಹ್ರಾಡೂನ್ ಬಳಿಯ ಒಂದು ವಸತಿ ಶಾಲೆಯಲ್ಲಿ ಬಾಲಕಿಯ ಮೇಲೆ ಅತ್ಯಾಚಾರ ನಡೆಯಿತು. ಆ ಪ್ರಕರಣದಲ್ಲಿ ಉತ್ತರಾಖಂಡ ಹೈಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹಳೆಯ ಆದೇಶವನ್ನು ಜಾರಿ ಮಾಡಿ ಎಂದಿತು. ಆಗ ಇಲಾಖೆಯವರು 857ರ ಪಟ್ಟಿಯನ್ನು ಮತ್ತೆ ತೆಗೆದು ನೋಡಿದರೆ, ಅದರಲ್ಲಿ 30 ತಾಣಗಳಲ್ಲಿ ಅಶ್ಲೀಲವೆಂಬುದೇ ಇರಲಿಲ್ಲ. ಉಳಿದ 827 ತಾಣಗಳನ್ನು ಮುಚ್ಚಿಸಿದರು. ಆ 30 ತಾಣಗಳ ಹೆಸರು 2015ರಲ್ಲಿ ಪಟ್ಟಿಗೆ ಹೇಗೆ ಸೇರಿತು, ಸೇರಿಸುವ ಮೊದಲು ಅವನ್ನು ಯಾರಾದರೂ ತೆರೆದು ನೋಡಿದ್ದರೇ ಎಂದು ಯಾರೂ ನಮಗೆ ವಿವರಿಸಿಲ್ಲ. ನನ್ನ ಬಳಿ ಬರುವ ರೋಗಿಗೆ ಔಷಧ ಬರೆಯುವಾಗ ನಾಡಿ ಹಿಡಿಯದೆ ಬರೆದರೆ ನೀವು ಸುಮ್ಮನಿರುತ್ತೀರಾ?

827 ತಾಣ ಮುಚ್ಚಿದ್ದರಿಂದ ನಮ್ಮೂರಿನ ಯಾವ ಹುಡುಗನ ಫೋನು ಶುದ್ಧವಾಯಿತು? ಮುಚ್ಚಿದ ತಾಣ ತೆರೆಯಲು ಹೋದರೆ ಸರ್ಕಾರದ ಆದೇಶದಂತೆ ಇದನ್ನು ತಡೆಯಲಾಗಿದೆ ಎಂಬ ಇಂಗ್ಲಿಷ್ ವಾಕ್ಯ ಬರುತ್ತದೆ, ನಿಜ. ಆದರೆ ಆ ಬೀಗ ಇರುವುದು ಹೆಸರಿಗೆ. ಅಂಗಡಿಯ ಬೋರ್ಡ್ ಬದಲಿಸಿ ಪಕ್ಕದ ಓಣಿಯಲ್ಲಿ ಅದೇ ಸರಕು ಮಾರಿದ ಹಾಗೆ, ತಾಣದವರು ಹೆಸರಿನ ಕೊನೆಯಲ್ಲಿ ಒಂದೆರಡು ಅಕ್ಷರ ಬದಲಿಸಿ ಮತ್ತೆ ಬಂದರು. ವಿಪಿಎನ್ ಎಂಬ ಆ್ಯಪ್ ಹಾಕಿಕೊಂಡರೆ ಫೋನು ಸಿಂಗಾಪುರದಲ್ಲೋ ಹಾಲೆಂಡಿನಲ್ಲೋ ಇದ್ದಂತೆ ನಟಿಸುತ್ತದೆ. ಇದನ್ನು ನನಗೆ ಕಲಿಸಿದವನು ಪಿಯುಸಿ ಓದುವ ಹುಡುಗ. ಇನ್ನು ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯುವುದಕ್ಕೆ ತಾಣದ ಹಂಗೇ ಇಲ್ಲ.

ಇದಕ್ಕೂ ಹಿಂದಿನ ಬೀಗವೊಂದನ್ನು ನೆನಪಿಸಿಕೊಳ್ಳಿ. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಕಂಪ್ಯೂಟರ್ ಸುತ್ತಲಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ನಿಯಮ ಮಾಡಿದವರು ಗೋಡೆಯ ಅಳತೆಯನ್ನು ಸರಿಯಾಗಿಯೇ ಹಿಡಿದಿದ್ದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯಿತು. ಕೆಫೆಗಳೇ ಖಾಲಿಯಾದವು, ಗೋಡೆ ಹುಡುಗರ ಜೇಬಿಗೆ ಬಂತು. ಅದಕ್ಕೂ ಮೊದಲು ಮೆಮೊರಿ ಕಾರ್ಡಿಗೆ ತುಂಬಿಸಿಕೊಡುವ ಅಂಗಡಿಗಳಿದ್ದವು, ಅದಕ್ಕೂ ಮೊದಲು ವಿಸಿಆರ್ ಬಾಡಿಗೆಗೆ ತಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಈಗ ಮಗನ ಬಗ್ಗೆ ದೂರು ಹೇಳುವ ಕೆಲವು ತಂದೆಯಂದಿರಿಗೆ ಆ ವಿಸಿಆರ್ ಮರೆತಿರಲಾರದು. ಕಾನೂನು ಮಾಡುವ ಮನೆಯೇ ಇದರಿಂದ ಹೊರತಾಗಿರಲಿಲ್ಲ. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗೆ ಮೊಬೈಲ್‌ನಲ್ಲಿ ಇಂಥ ದೃಶ್ಯ ನೋಡಿದ ಆರೋಪ ಬಂದು ರಾಜ್ಯದ ಮೂವರು ಸಚಿವರು ರಾಜೀನಾಮೆ ಕೊಡಬೇಕಾಯಿತು.

ಬೀಗದ ವಿಷಯದಲ್ಲಿ ಯುನಾನಿ ವೈದ್ಯರಿಗೆ ಒಂದು ಹಳೆಯ ಅನುಭವವಿದೆ. ನಮ್ಮಲ್ಲೇ ಬಹಳ ಮಂದಿಗೆ ಗೊತ್ತಿಲ್ಲದ ಕಾರಣ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1954ರಲ್ಲಿ ಕೇಂದ್ರ ಸರ್ಕಾರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯನ್ನು ತಂದಿತು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ, ಇಂಥಿಂಥ ಕಾಯಿಲೆ ವಾಸಿ ಮಾಡುತ್ತೇವೆ ಎಂಬ ಜಾಹೀರಾತುಗಳನ್ನು ಅದು ನಿಷೇಧಿಸಿತು. ದಿಲ್ಲಿಯ ಹಮ್‌ದರ್ದ್ ದವಾಖಾನೆ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. 1959ರ ಕೊನೆಯಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಾಲಯ ಕಾಯ್ದೆಯ ಉದ್ದೇಶವನ್ನು ಒಪ್ಪಿತು. ಜನ ತಾವೇ ಮದ್ದು ಮಾಡಿಕೊಂಡು ಹಾಳಾಗುವುದನ್ನು ತಡೆಯಲು ಇಂಥ ಜಾಹೀರಾತಿಗೆ ಕಡಿವಾಣ ಹಾಕಬಹುದು, ಅದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಲ್ಲ ಎಂದಿತು. ಆದರೆ ಎರಡು ಭಾಗಗಳನ್ನು ಹೊಡೆದುಹಾಕಿತು. ಯಾವ ಮಾನದಂಡವೂ ಇಲ್ಲದೆ ಬೇಕಾದ ಕಾಯಿಲೆಯನ್ನು ಪಟ್ಟಿಗೆ ಸೇರಿಸುತ್ತಾ ಹೋಗುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದ ಮಾತುಗಳು ಹೋದವು. ಸರಿಯಾದ ಕಟ್ಟುಪಾಡಿಲ್ಲದೆ ವಸ್ತುಗಳನ್ನು ಜಪ್ತಿ ಮಾಡುವ ಅಧಿಕಾರವೂ ಹೋಯಿತು.

ಅಶ್ಲೀಲ ತಾಣಗಳ ಪಟ್ಟಿಗೂ ಇದೇ ಪ್ರಶ್ನೆ ಕೇಳಬೇಕು. ಉದ್ದೇಶ ಒಳ್ಳೆಯದಿರಬಹುದು, ಪಟ್ಟಿ ಮಾಡುವವರು ಯಾರು, ಯಾವ ಅಳತೆಗೋಲು, ತಪ್ಪಾಗಿ ಸೇರಿದವನು ಯಾರ ಬಳಿ ಹೋಗಬೇಕು? ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಅಡಿಯ ನಿಯಮಗಳು ದೂರು ಮತ್ತು ಕ್ರಮವನ್ನು ಗೌಪ್ಯವಾಗಿಡಬೇಕೆಂದೇ ಹೇಳುತ್ತವೆ. ಹಕೀಮರ ಜಾಹೀರಾತಿಗೆ ಬೇಕಾದ ಸ್ಪಷ್ಟತೆ ಇಡೀ ದೇಶದ ಜನ ಓದುವ, ನೋಡುವ ವಿಷಯಕ್ಕೆ ಬೇಡವೇ?

ಆ 1954ರ ಕಾಯ್ದೆ ಈಗಲೂ ಜಾರಿಯಲ್ಲಿದೆ ಎಂಬುದು ಇನ್ನೊಂದು ತಮಾಷೆ. ಹಡಗಲಿಯಿಂದ ಹರಪನಹಳ್ಳಿಗೋ ಹೊಸಪೇಟೆಗೋ ಬಸ್ಸಿನಲ್ಲಿ ಹೋಗುವಾಗ ಗೋಡೆಗಳನ್ನು ಓದಿ. 'ಗುಪ್ತರೋಗ', 'ಮರ್ದಾನಾ ಕಮ್ಜೋರಿ', 'ಒಂದೇ ಕೋರ್ಸ್‌ನಲ್ಲಿ ಗುಣ' ಎಂಬ ಬರಹಗಳು ಕಾಣದೆ ಇರವು. ಸರ್ಕಾರಕ್ಕೆ ಎಪ್ಪತ್ತು ವರ್ಷಗಳಿಂದ ಕೈಯಲ್ಲಿರುವ ಬೀಗವನ್ನು ಕಣ್ಣೆದುರಿನ ಗೋಡೆಗೆ ಹಾಕಲಾಗಿಲ್ಲ.

ಈಗ ದವಾಖಾನೆಯ ಮಾತು. ನನ್ನ ಬಳಿ ಬರುವ ಯುವಕರಲ್ಲಿ ಜಿರ್ಯಾನ್ ಆಗಿದೆ, ಎಹ್ತೆಲಾಮ್ ಜಾಸ್ತಿಯಾಗಿದೆ, ಸೊಂಟ ಸೋತಿದೆ ಎಂದು ಬರುವವರು ಬಹಳ. ಮದುವೆ ಗೊತ್ತಾದ ಮೇಲೆ ಹೆದರಿ ಬರುವವರು ಇನ್ನೂ ಹೆಚ್ಚು. ಪರೀಕ್ಷಿಸಿದರೆ ಹೆಚ್ಚಿನವರಲ್ಲಿ ರೋಗವೇ ಇರುವುದಿಲ್ಲ. ಇರುವುದು ಭಯ. ಒಂದು ಹನಿ ಧಾತುವಿಗೆ ಇಷ್ಟು ಹನಿ ರಕ್ತ ಎಂಬ ಬಜಾರಿನ ಲೆಕ್ಕ ಅವರ ತಲೆಯಲ್ಲಿ ಕೂತಿರುತ್ತದೆ. ಈ ಭಯಕ್ಕೆ 1960ರಲ್ಲೇ ಮನೋವೈದ್ಯ ಡಾ. ಎನ್.ಎನ್. ವಿಗ್ ಧಾತ್ ಸಿಂಡ್ರೋಮ್ ಎಂಬ ಹೆಸರು ಕೊಟ್ಟರು. ಹದಿಹರೆಯದಲ್ಲಿ ನಿದ್ದೆಯಲ್ಲಿ ಸ್ಖಲನವಾಗುವುದು ಸಹಜ. ಅದು ಗುಸ್ಲ್ ಮಾಡಬೇಕಾದ ವಿಷಯ, ಔಷಧ ತೆಗೆದುಕೊಳ್ಳಬೇಕಾದ ವಿಷಯವಲ್ಲ.

ಇದಕ್ಕೆ ಈಗ ವಿಡಿಯೊ ಸೇರಿಕೊಂಡಿದೆ. ಅಲ್ಲಿ ಕಾಣುವುದು ದಂಪತಿಗಳ ಜೀವನವಲ್ಲ. ಕ್ಯಾಮೆರಾ, ಕತ್ತರಿ, ಗುಳಿಗೆ, ಹಣ ಎಲ್ಲ ಸೇರಿ ಮಾಡಿದ ನಾಟಕ. ಹುಡುಗ ಅದನ್ನೇ ಅಳತೆಗೋಲು ಮಾಡಿಕೊಂಡು ತನ್ನನ್ನು ಅಳೆಯುತ್ತಾನೆ, ನಾಳೆ ಹೆಂಡತಿಯನ್ನೂ ಅಳೆಯುತ್ತಾನೆ. ಮದುವೆಯಾಗಿ ತಿಂಗಳಾಗದ ಹೆಣ್ಣುಮಗಳು ತಾಯಿಯ ಜೊತೆ ಬಂದು, ಗಂಡ ಫೋನಿನಲ್ಲಿ ನೋಡಿದ್ದನ್ನೇ ತನ್ನಿಂದ ಬಯಸುತ್ತಾನೆ ಎಂದು ಹೇಳಲಾರದೆ ಹೊಟ್ಟೆನೋವು ಎನ್ನುತ್ತಾಳೆ. ಇಂಥ ಹೊಟ್ಟೆನೋವಿಗೆ ಜವಾರಿಶ್ ಕೊಟ್ಟು ಕಳಿಸುವುದು ಸುಲಭ. ಆ ಗಂಡನನ್ನು ಕರೆಸಿ ಕೂರಿಸಿ ಮಾತಾಡುವುದು ಕಷ್ಟ, ಆದರೆ ಚಿಕಿತ್ಸೆ ಅದೇ.

ಯುನಾನಿಯಲ್ಲಿ ಆರೋಗ್ಯಕ್ಕೆ ಅಸ್ಬಾಬ್-ಎ-ಸಿತ್ತಾ ಝರೂರಿಯಾ, ಅಂದರೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣ. ಪ್ರತಿ ರಾತ್ರಿ ಎರಡು ಗಂಟೆಯವರೆಗೆ ಹೊದಿಕೆಯೊಳಗೆ ಫೋನು ಹಿಡಿದವನಲ್ಲಿ ಈ ಆರರಲ್ಲಿ ಎಷ್ಟು ಕೆಡುತ್ತವೆ ಎಂದು ನೀವೇ ಎಣಿಸಿ. ನಿದ್ದೆ ಹೋಯಿತು, ಮನಸ್ಸಿನ ನೆಮ್ಮದಿ ಹೋಯಿತು, ಫಜ್ರ್ ತಪ್ಪಿತು, ಮರುದಿನ ದೇಹ ಏಳಲೊಲ್ಲದು. ಅವನು ಹೇಳುವ ಕಮ್ಜೋರಿಯ ಬಹುಪಾಲು ಇಲ್ಲೇ ಇದೆ. ಇಬ್ನ್ ಸೀನಾ 'ಅಲ್ ಖಾನೂನ್'ನ ಮೂರನೆಯ ಸಂಪುಟದಲ್ಲಿ ಇಂಥ ಅಂಗಗಳ, ಇಂಥ ದೌರ್ಬಲ್ಯಗಳ ವಿಷಯವನ್ನು ಕಣ್ಣು, ಕಿವಿ, ಯಕೃತ್ತಿನ ಕಾಯಿಲೆಗಳಷ್ಟೇ ಸಹಜವಾಗಿ ಚರ್ಚಿಸಿದ್ದಾರೆ. ಸಾವಿರ ವರ್ಷದ ಹಿಂದಿನ ಹಕೀಮರಿಗೆ ಇಲ್ಲದ ಸಂಕೋಚ ನಮಗೆ ಎಲ್ಲಿಂದ ಬಂತೋ!

ಎಲ್ಲ ನೋಡುಗರೂ ರೋಗಿಗಳಲ್ಲ ಎಂಬುದನ್ನೂ ಹೇಳಬೇಕು. ಬಿಡಬೇಕೆಂದರೂ ಬಿಡಲಾಗದೆ, ಓದು, ಕೆಲಸ, ಸಂಸಾರ ಹಾಳಾಗುವ ಮಟ್ಟಕ್ಕೆ ಹೋದಾಗ ಅದು ಚಿಕಿತ್ಸೆ ಬೇಕಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಿಂದ ಜಾರಿಯಲ್ಲಿದ್ದು, ಹಿಡಿತ ತಪ್ಪಿದ ಲೈಂಗಿಕ ನಡವಳಿಕೆಯನ್ನು ಒಂದು ಕಾಯಿಲೆಯಾಗಿ ಗುರುತಿಸಿದೆ. ಆದರೆ ಅದನ್ನು ಮದ್ಯ, ಗಾಂಜಾಗಳ ಚಟದ ಸಾಲಿನಲ್ಲಿ ಇಟ್ಟಿಲ್ಲ, ಹಠಾತ್ ಪ್ರೇರಣೆಯನ್ನು ತಡೆದುಕೊಳ್ಳಲಾಗದ ಕಾಯಿಲೆಗಳ ಸಾಲಿನಲ್ಲಿ ಇಟ್ಟಿದೆ. ನೈತಿಕ ಅಪರಾಧ ಭಾವ ಮಾತ್ರದಿಂದ ಒಬ್ಬನನ್ನು ರೋಗಿ ಎನ್ನಬಾರದು ಎಂದೂ ಅದು ಎಚ್ಚರಿಸುತ್ತದೆ.

ಇಂಥ ಹುಡುಗನಿಗೆ ಬೇಕಾದದ್ದು ಸರಿಯಾದ ಮಾಹಿತಿ. ಬೀಗವೋ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡಲಾರದು. ಬ್ರಿಟನ್‌ನಲ್ಲಿ 2013ರಲ್ಲಿ ಸರ್ಕಾರದ ಒತ್ತಾಯದಿಂದ ಇಂಟರ್‌ನೆಟ್ ಕಂಪನಿಗಳು ಮನೆಮನೆಗೆ ಜಾಲರಿ ಹಾಕಿದಾಗ ಲೈಂಗಿಕ ಶಿಕ್ಷಣದ ತಾಣವೊಂದೂ ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ ಕೇಂದ್ರದ ತಾಣವೂ ಅದಕ್ಕೆ ಸಿಕ್ಕಿಬಿದ್ದವು. ಹಿಟ್ಟಿನ ಜರಡಿಯಲ್ಲಿ ಜೋಳ ಜರಡಿ ಹಿಡಿದಂತೆ. ಎದೆಯಲ್ಲಿ ಗಂಟು ಕಂಡ ಹೆಣ್ಣುಮಗಳು, ಮುಟ್ಟು ತಪ್ಪಿ ಹೆದರಿದ ಹುಡುಗಿ ಡಾಕ್ಟರರ ಬಳಿ ಬರುವ ಮೊದಲು ಫೋನಿನಲ್ಲಿ ಹುಡುಕುತ್ತಾರೆ. ಆ ಪುಟ ಮುಚ್ಚಿದ್ದರೆ ಅವರಿಗೆ ಉಳಿಯುವುದು ಗೋಡೆಬರಹದ ವೈದ್ಯ ಮತ್ತು ಅವನ ಗುಳಿಗೆ. ಗಿಡಮೂಲಿಕೆಯದು ಎಂದು ಮಾರುವ ಶಕ್ತಿ ಗುಳಿಗೆಗಳಲ್ಲಿ ಸಿಲ್ಡೆನಾಫಿಲ್ ಎಂಬ ಅಲೋಪಥಿ ಔಷಧವನ್ನು ಕದ್ದು ಬೆರೆಸುವುದು ಪದೇ ಪದೇ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಯುನಾನಿ ಹೆಸರಿನಲ್ಲಿ ಇದು ನಡೆದಾಗ ನನಗೆ ಎರಡು ಪಟ್ಟು ಸಿಟ್ಟು ಬರುತ್ತದೆ.

ದೀನ್ ಇದಕ್ಕೆ ಏನು ಹೇಳುತ್ತದೆ ಎಂದು ಕೇಳುವವರಿಗೆ ನಾನು ಆಲಿಮ್ ಅಲ್ಲ ಎಂದು ಹೇಳಿಯೇ ಮುಂದುವರಿಯುತ್ತೇನೆ. ಇಂಥ ದೃಶ್ಯ ನೋಡುವುದು ತಪ್ಪು ಎಂಬ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಸೂರಃ ಅನ್ನೂರ್‌ನ 30ನೇ ಆಯತ್ ನೋಟ ತಗ್ಗಿಸುವ ಆಜ್ಞೆಯನ್ನು ನೋಡುವ ಗಂಡಸರಿಗೇ ಮೊದಲು ಕೊಡುತ್ತದೆ, ಹೆಂಗಸರಿಗೆ 31ರಲ್ಲಿ. ನೋಡುವ ಕಣ್ಣನ್ನು ಕಾಯುವ ಕೆಲಸ ಕಣ್ಣಿನ ಒಡೆಯನದು, ಅಮೀರನದಲ್ಲ. ಅದೇ ಸೂರಃದಲ್ಲಿ ಅನುಮತಿ ಕೇಳದೆ, ಸಲಾಮ್ ಹೇಳದೆ ಬೇರೆಯವರ ಮನೆಗೆ ಹೋಗಬೇಡಿ ಎಂಬ ಆಜ್ಞೆಯಿದೆ. 58ನೇ ಆಯತ್ ಇನ್ನೂ ಸೂಕ್ಷ್ಮ. ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ಇಶಾದ ನಂತರ, ಈ ಮೂರು ಹೊತ್ತಿನಲ್ಲಿ ಮನೆಯ ಮಕ್ಕಳು ಕೂಡ ತಂದೆತಾಯಿಯ ಕೋಣೆಗೆ ಕೇಳಿಯೇ ಬರಬೇಕು. ಹದಿನಾಲ್ಕು ಶತಮಾನಗಳ ಹಿಂದೆ, ಪರದೆಯೇ ಬಾಗಿಲಾಗಿದ್ದ ಮನೆಗಳಲ್ಲಿ, ಖಾಸಗಿತನವೆಂದರೆ ಇಷ್ಟು ಬೆಲೆ. ಸೂರಃ ಅಲ್ ಹುಜುರಾತ್ ತಜಸ್ಸುಸ್ ಅನ್ನು, ಅಂದರೆ ಇನ್ನೊಬ್ಬರ ಗುಟ್ಟು ಕೆದಕುವುದನ್ನು, ಸ್ಪಷ್ಟವಾಗಿ ತಡೆಯುತ್ತದೆ.

ಹಝ್ರತ್ ಉಮರ್(ರ) ಅವರ ಒಂದು ವೃತ್ತಾಂತವನ್ನು ಇಮಾಮ್ ಗಝಾಲಿ ಮುಂತಾದವರು ಉಲ್ಲೇಖಿಸಿದ್ದಾರೆ. ಮದೀನಾದಲ್ಲಿ ರಾತ್ರಿ ಗಸ್ತು ತಿರುಗುವಾಗ ಒಂದು ಮನೆಯಿಂದ ಹಾಡು ಕೇಳಿ ಖಲೀಫರು ಗೋಡೆ ಹತ್ತಿ ಒಳಗೆ ಇಳಿದರು. ಒಳಗಿದ್ದವನ ಮುಂದೆ ಮದ್ಯವಿತ್ತು. ಗದರಿಸಿದಾಗ ಅವನು ಕೊಟ್ಟ ಉತ್ತರದ ಸಾರ ಇಷ್ಟು: ನಾನು ಅಲ್ಲಾಹನ ಒಂದು ಆಜ್ಞೆ ಮೀರಿದ್ದರೆ ತಾವು ಮೂರು ಮೀರಿದ್ದೀರಿ. ಗೂಢಚರ್ಯೆ ಮಾಡಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಸಲಾಮ್ ಹೇಳದೆ ಅನುಮತಿಯಿಲ್ಲದೆ ಬಂದಿರಿ. ಖಲೀಫರು ಅವನಿಂದ ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂಬ ಮಾತು ಪಡೆದು ಹಿಂದಿರುಗಿದರು. ನಾನು ಮದ್ಯವನ್ನು ಸಮರ್ಥಿಸಲು ಇದನ್ನು ಹೇಳುತ್ತಿಲ್ಲ. ಅಷ್ಟು ದೊಡ್ಡ ಅಧಿಕಾರವೂ ಗೋಡೆಯ ಆಚೆ ನಿಲ್ಲಬೇಕಾಯಿತು ಎಂಬುದಕ್ಕೆ ಹೇಳುತ್ತಿದ್ದೇನೆ.

ಈಗ ಬರುತ್ತಿರುವ ಹೊಸ ಬೀಗ ಗೋಡೆ ಹತ್ತುವ ಬೀಗ. ಬ್ರಿಟನ್‌ನಲ್ಲಿ 2025ರ ಜುಲೈ 25ರಿಂದ ಇಂಥ ತಾಣ ನೋಡುವವರು ಮುಖದ ಫೋಟೊವನ್ನೋ ಗುರುತಿನ ಚೀಟಿಯನ್ನೋ ತೋರಿಸಿ ವಯಸ್ಸು ಸಾಬೀತು ಮಾಡಬೇಕು. ಮರುದಿನದಿಂದಲೇ ಅಲ್ಲಿ ವಿಪಿಎನ್ ಆ್ಯಪ್‌ಗಳಿಗೆ ಜನ ಮುಗಿಬಿದ್ದರು. ನಮ್ಮಲ್ಲಿ ಹಾಗೇನಾದರೂ ಬಂದರೆ ಆಧಾರ್ ಕೇಳದೆ ಬಿಡುತ್ತಾರೆಯೇ? ಯಾವ ಮನೆಯವರು ಏನು ನೋಡಿದರು ಎಂಬ ಖಾತೆ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಕೂರುತ್ತದೆ. ನಮ್ಮಂಥ ಸಣ್ಣ ಊರಿನಲ್ಲಿ ಅಂಥ ಖಾತೆಯ ಒಂದು ಹಾಳೆ ಹೊರಬಿದ್ದರೆ ಎಷ್ಟು ಮನೆ ಮುರಿಯುತ್ತವೆ ಯೋಚಿಸಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಪ್ರಶ್ನಿಸಿದ್ದು ಆಧಾರ್ ಅನ್ನೇ.

ಇನ್ನೊಂದು ಮಾತನ್ನು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. 2022ರ ಫೆಬ್ರವರಿ 5ರಂದು ಒಂದು ಸರ್ಕಾರಿ ಆದೇಶ ಹೊರಟಿತು, ನಮ್ಮ ಹೆಣ್ಣುಮಕ್ಕಳು ತಲೆವಸ್ತ್ರ ತೆಗೆಯಬೇಕೋ ಕಾಲೇಜಿನ ಗೇಟಿನ ಹೊರಗೆ ನಿಲ್ಲಬೇಕೋ ಎಂಬ ಸ್ಥಿತಿ ಬಂತು. ಹಯಾ ಅಂದರೆ ಏನು ಎಂದು ಸರ್ಕಾರ ತೀರ್ಮಾನಿಸಿದಾಗ ಹೇಗಿರುತ್ತದೆ ಎಂದು ನಾವು ನೋಡಿದ್ದೇವೆ. ಅದೇ ಸರ್ಕಾರಿ ಕುರ್ಚಿಗೆ, ಅಲ್ಲಿ ಯಾವ ಪಕ್ಷದವರೇ ಕೂತಿರಲಿ, ನಮ್ಮ ಹಯಾ ಕಾಯಲು ಕೀಲಿಕೈ ಕೊಡುತ್ತೇವೆ ಎಂದು ನಾವೇ ಓಡಿಹೋಗುವುದು ಯಾವ ಬುದ್ಧಿ?

ಹಾಗಾದರೆ ಸರ್ಕಾರಕ್ಕೆ ಕೆಲಸವೇ ಇಲ್ಲವೇ? ಬಹಳ ಇದೆ. ಆದರೆ ಅದು ಯಾರಿಗೆ ನೋವಾಯಿತು ಎಂದು ನೋಡುವ ಕೆಲಸ. 2024ರ ಏಪ್ರಿಲ್‌ನಲ್ಲಿ, ಲೋಕಸಭೆ ಚುನಾವಣೆಯ ಹೊತ್ತಿಗೆ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಊರ ತುಂಬ ಹರಡಿದವು. ಆಗಿನ ಸಂಸದನ ಕೈಗೆ ಸಿಕ್ಕಿ ನರಳಿದ ಹೆಂಗಸರ ಮುಖಗಳನ್ನು ಮರೆಮಾಡದೆಯೇ ಆ ವಿಡಿಯೊಗಳು ಫೋನಿನಿಂದ ಫೋನಿಗೆ ಹೋದವು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಅದನ್ನು ಮುಂದಕ್ಕೆ ಕಳಿಸಿದ ಕೈಗಳು? ಅವು ಅಶ್ಲೀಲ ತಾಣ ನೋಡುವ ಪೋಲಿ ಹುಡುಗರ ಕೈಗಳು ಮಾತ್ರವಲ್ಲ. ಸಂಸಾರಸ್ಥರು, ಊರಿನ ಹಿರಿಯರು, 'ನೋಡ್ರಿ ಎಂಥಾ ಅನ್ಯಾಯ' ಎನ್ನುತ್ತಲೇ ಕಳಿಸಿದವರು. 827 ತಾಣಗಳ ಬೀಗ ಆ ಹೆಂಗಸರಲ್ಲಿ ಒಬ್ಬರನ್ನೂ ಕಾಯಲಿಲ್ಲ.

ನಮ್ಮ ಹೆಣ್ಣುಮಕ್ಕಳ ಉದಾಹರಣೆಯೂ ಇದೆ. 2021ರ ಜುಲೈನಲ್ಲಿ ಸುಲ್ಲಿ ಡೀಲ್ಸ್, 2022ರ ಜನವರಿ 1ರಂದು ಬುಲ್ಲಿ ಬಾಯಿ ಎಂಬ ಆ್ಯಪ್‌ಗಳು ಮುಸ್ಲಿಂ ಮಹಿಳೆಯರ ಫೋಟೊ ಹಾಕಿ 'ಹರಾಜು' ಕೂಗಿದವು. ಎರಡನೆಯ ಪ್ರಕರಣದಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯೂ ಸಿಕ್ಕಿಬಿದ್ದ. ಆ ಫೋಟೊಗಳಲ್ಲಿ ನಗ್ನತೆ ಇರಲಿಲ್ಲ. ಅವು ಅವರೇ ಹಾಕಿಕೊಂಡಿದ್ದ ಸಾಧಾರಣ ಫೋಟೊಗಳು. ಯಾವ ಅಶ್ಲೀಲ ಜಾಲರಿಯೂ ಅದನ್ನು ಹಿಡಿಯದು. ಹಿಡಿಯಬೇಕಾದವರು ಪೊಲೀಸರು. ಒಪ್ಪಿಗೆಯಿಲ್ಲದ ಖಾಸಗಿ ಚಿತ್ರದ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಐಟಿ ನಿಯಮಗಳು ಕಂಪನಿಗಳಿಗೆ ಹೇಳಿದವು. ಇದನ್ನು ನಮ್ಮ ತಾಲೂಕಿನ ಠಾಣೆಯಲ್ಲಿ ಒಬ್ಬ ಹೆಣ್ಣುಮಗಳು ನಾಚದೆ ಹೋಗಿ ಕೇಳುವಂತೆ ಮಾಡುವುದು ಸರ್ಕಾರದ ಕೆಲಸ.

ಮಕ್ಕಳ ವಿಷಯದಲ್ಲಂತೂ ಸ್ವಾತಂತ್ರ್ಯದ ವಾದಕ್ಕೆ ಜಾಗವೇ ಇಲ್ಲ. ಹದಿನೆಂಟು ತುಂಬದವರ ಅಂಥ ಚಿತ್ರವೆಂದರೆ ಒಂದು ಮಗುವಿನ ಮೇಲೆ ನಡೆದ ದೌರ್ಜನ್ಯದ ದಾಖಲೆ. 2024ರ ಜುಲೈನಲ್ಲಿ ನಮ್ಮ ಹೈಕೋರ್ಟ್, ಬರೀ ನೋಡಿದರೆ ಐಟಿ ಕಾಯ್ದೆಯ ಅಪರಾಧವಾಗದು ಎಂದು ಒಂದು ಪ್ರಕರಣ ರದ್ದು ಮಾಡಿ, ಕೆಲವೇ ದಿನಗಳಲ್ಲಿ ತಾನೇ ಆ ಆದೇಶ ಹಿಂಪಡೆಯಿತು. ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಅನುಮಾನ ಉಳಿಯದಂತೆ ಹೇಳಿತು: ಅಂಥದ್ದನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಅಡಿ ಅಪರಾಧವಾಗುತ್ತದೆ. ಅದನ್ನು 'ಅಶ್ಲೀಲ ಚಿತ್ರ' ಎಂದು ಕರೆಯುವುದನ್ನೇ ಬಿಡಿ ಎಂದೂ ಹೇಳಿತು. ಅದೇ ತೀರ್ಪು ಲೈಂಗಿಕ ಶಿಕ್ಷಣದ ಅಗತ್ಯವನ್ನೂ ಒತ್ತಿ ಹೇಳಿದೆ, ಆ ಭಾಗ ಮಾತ್ರ ಸುದ್ದಿಯಾಗಲಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದದ್ದೆಲ್ಲ ತಾನಾಗಿ ಗ್ಯಾಲರಿಯಲ್ಲಿ ಕೂರುವ ವ್ಯವಸ್ಥೆಯನ್ನು ಇವತ್ತೇ ನಿಮ್ಮ ಫೋನಿನಲ್ಲಿ ಬಂದ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್ ಒಳಗೆ ಅದು ಸಿಗುತ್ತದೆ.

ಬೀಗವೇ ಬೇಡ ಎಂದು ನಾನು ಹೇಳುತ್ತಿಲ್ಲ ಎಂಬುದು ಈಗ ತಿಳಿದಿರಬೇಕು. ಹನ್ನೆರಡು ವರ್ಷದ ಮಗುವಿಗೆ ಬೀಗ ಬೇಕು, ಅದನ್ನು ಹಾಕಬೇಕಾದವರು ತಂದೆತಾಯಿ. ಮನೆಗೆ ವೈಫೈ ಇದ್ದರೆ ಹಾಕಿಕೊಟ್ಟ ಹುಡುಗನಿಗೇ ಹೇಳಿ, ರೂಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.3 ಎಂದು ಹಾಕಿಸಿ. 2020ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ಕುಟುಂಬಗಳಿಗಾಗಿ ಬಿಟ್ಟ ಈ ಸೇವೆ ಉಚಿತ, ವಯಸ್ಕರ ತಾಣಗಳನ್ನು ಅದು ತಡೆಯುತ್ತದೆ. ಸಿಮ್ ಡೇಟಾಗೆ ಇದು ಸಾಲದು, ಅದಕ್ಕೆ ಮಗುವಿನ ಫೋನಿನಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್ ಇದೆ. ಬೇಡವೆಂದಾಗ ಈ ಬೀಗ ತೆಗೆಯಬಹುದು, ತಪ್ಪಾಗಿ ಮುಚ್ಚಿದ ಪುಟವನ್ನು ತೆರೆಯಬಹುದು, ಮಗು ದೊಡ್ಡವನಾದಂತೆ ಸಡಿಲಿಸಬಹುದು. ಸರ್ಕಾರದ ಬೀಗಕ್ಕೆ ಈ ಗುಣವಿಲ್ಲ. ಮಲ್ಲಿಗೆ ಕಟ್ಟುತ್ತಾ ಸಂಸಾರ ನಡೆಸುವ ತಾಯಿಗೆ, ಗುಳೆ ಹೋದ ಗಂಡನ ಮನೆಯಲ್ಲಿ ಒಂದೇ ಫೋನು ಇಟ್ಟುಕೊಂಡವಳಿಗೆ ಈ ಸೆಟ್ಟಿಂಗ್‌ಗಳು ಗೊತ್ತಾಗುವುದಿಲ್ಲ ಎಂಬುದು ನಿಜವಾದ ತೊಡಕು. ಇದನ್ನು ಮಸೀದಿಯ ಕಮಿಟಿಯ ಓದಿದ ಹುಡುಗರು ಒಂದು ಭಾನುವಾರ ಕೂತು ಮಾಡಿಕೊಡಬಹುದು. ರಾತ್ರಿ ಹತ್ತಕ್ಕೆ ಎಲ್ಲರ ಫೋನೂ, ತಂದೆಯದೂ ಸೇರಿ, ಹೊರಗಿನ ಕೋಣೆಯಲ್ಲಿ ಚಾರ್ಜಿಗೆ ಇಡುವುದಕ್ಕೆ ಯಾವ ಸೆಟ್ಟಿಂಗೂ ಬೇಡ.

ಆದರೆ ಮಾತಾಡದೆ ಹಾಕಿದ ಬೀಗ ಮಗುವಿಗೆ ಶಿಕ್ಷೆಯಂತೆ ಕಾಣುತ್ತದೆ. ಮಾತಾಡುವ ಪರಂಪರೆ ನಮ್ಮಲ್ಲಿ ಇದೆ. ಉಮ್ಮು ಸುಲೈಮ್(ರ) ಪ್ರವಾದಿ(ಸ) ಅವರ ಸನ್ನಿಧಿಗೆ ಬಂದು, ಹೆಂಗಸರಿಗೂ ಎಹ್ತೆಲಾಮ್ ಆದರೆ ಗುಸ್ಲ್ ಇದೆಯೇ ಎಂದು ನೇರವಾಗಿ ಕೇಳಿದರು, ಪ್ರವಾದಿ(ಸ) ನೇರವಾಗಿ ಉತ್ತರಿಸಿದರು. ಅನ್ಸಾರಿ ಮಹಿಳೆಯರಿಗೆ ದೀನ್ ಕಲಿಯಲು ನಾಚಿಕೆ ಅಡ್ಡಬರಲಿಲ್ಲ ಎಂದು ಹಝ್ರತ್ ಆಯಿಷಾ(ರ) ಹೊಗಳಿದರು. ನಮ್ಮ ಮಕ್ತಬ್‌ಗಳಲ್ಲಿ ಗುಸ್ಲ್‌ನ ಫರ್ಝ್‌ಗಳನ್ನು ಮಕ್ಕಳು ಬಾಯಿಪಾಠ ಹೇಳುತ್ತಾರೆ, ಯಾಕೆ ಫರ್ಝ್ ಆಗುತ್ತದೆ ಎಂದು ಕೇಳಿದರೆ ಹುಡುಗರು ನಗುತ್ತಾರೆ, ಉಸ್ತಾದರು ಪುಟ ತಿರುಗಿಸುತ್ತಾರೆ. ಆ ಪುಟದಲ್ಲೇ ನಿಲ್ಲಿ ಎಂದು ಉಸ್ತಾದರಲ್ಲಿ ನನ್ನ ವಿನಂತಿ. ಹತ್ತು ನಿಮಿಷ ಸಾಕು. ಹುಡುಗಿಯರಿಗೆ ಆಪಾ ಒಬ್ಬರು ಹೇಳಲಿ. ಬೇಕಾದರೆ ನನ್ನನ್ನೋ ಊರಿನ ಇನ್ನಾವುದಾದರೂ ವೈದ್ಯರನ್ನೋ ಕರೆಯಿರಿ, ಬರುತ್ತೇವೆ.

ಇದನ್ನು ಓದುತ್ತಿರುವ ಯುವಕರಿಗೆ ಎರಡು ಮಾತು. ಅಪರಿಚಿತ ಹೆಣ್ಣಿನ ವಿಡಿಯೊ ಕರೆ ಬಂದು, ಅದನ್ನು ರೆಕಾರ್ಡ್ ಮಾಡಿ ಹಣ ಕೇಳುವ ದಂಧೆ ನಡೆಯುತ್ತಿದೆ. ಸಿಕ್ಕಿಕೊಂಡರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು 1930ಕ್ಕೆ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಬಿಡಲಾಗದೆ ಒದ್ದಾಡುತ್ತಿದ್ದರೆ ಗೋಡೆಬರಹದ ನಂಬರಿಗೆ ಫೋನು ಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.